ತಪಾಸಣೆ ವರದಿಯಲ್ಲಿ ಹೆಸರಿಲ್ಲದ ಮಹಿಳೆಯರು

ಪ್ರಶ್ನೆ: ನಮ್ಮ ಪ್ರದೇಶದಲ್ಲಿ ಆರು ವರ್ಷದಿಂದ ಸ್ತನ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ ನಡೆಯುತ್ತಿದೆ. 50ರಿಂದ 69 ವರ್ಷದ ಮಹಿಳೆಯರಿಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಮಾಡುತ್ತಾರೆ. ಪರಿಶೀಲನಾ ಸಮಿತಿಗೆ ಈ ಸಲ ಸಾರ್ವಜನಿಕರ ಪರವಾಗಿ ನನ್ನನ್ನು ಸೇರಿಸಿದ್ದಾರೆ. ನಾನು ಡಾಕ್ಟರ್ ಅಲ್ಲ, ಗಣಿತ ಟೀಚರ್ ಆಗಿದ್ದವಳು. ನಮಗೆ ಕೊಟ್ಟ ವರದಿಯಲ್ಲಿ ಮೂರು ವಿಷಯ ದೊಡ್ಡದಾಗಿ ಹಾಕಿದ್ದಾರೆ: ಎಷ್ಟು ಮ್ಯಾಮೊಗ್ರಾಂ ಆಯಿತು, ಎಷ್ಟು ಕ್ಯಾನ್ಸರ್ ಸಿಕ್ಕಿತು, ಸಿಕ್ಕವರಲ್ಲಿ ಐದು ವರ್ಷ ಆದ ಮೇಲೂ ಎಷ್ಟು ಜನ ಬದುಕಿದ್ದಾರೆ. ಮೂರೂ ಚೆನ್ನಾಗಿಯೇ ಕಾಣುತ್ತವೆ. ಇಷ್ಟು ನೋಡಿ, ಕಾರ್ಯಕ್ರಮ ಸರಿಯಾಗಿ ನಡೆಯುತ್ತಿದೆ ಅಂತ ಸಹಿ ಹಾಕಬಹುದಾ?

ಉತ್ತರ: ನಮಸ್ಕಾರ ಮೇಡಂ. ಈಗಲೇ ಸಹಿ ಹಾಕಬೇಡಿ. ನಿಮ್ಮ ಕಾರ್ಯಕ್ರಮ ಚೆನ್ನಾಗೇ ನಡೆಯುತ್ತಿರಬಹುದು. ಆದರೆ ಈ ಮೂರು ಅಂಕಿಯಿಂದ ಅದು ಗೊತ್ತಾಗುವುದಿಲ್ಲ. ಮೂರೂ ಬಂದವರ ಬಗ್ಗೆ, ಸಿಕ್ಕವರ ಬಗ್ಗೆ ಹೇಳುವ ಅಂಕಿಗಳು. ಕಾರ್ಯಕ್ರಮದ ಗಟ್ಟಿತನ ತಿಳಿಯುವುದು ವರದಿಯಲ್ಲಿ ಹೆಸರಿಲ್ಲದವರನ್ನು ಹುಡುಕಿದಾಗ. ಕರೆಯೇ ಹೋಗದವರು. ಕರೆದರೂ ಬಾರದವರು. ಅನುಮಾನ ಇದೆ, ಇನ್ನೊಮ್ಮೆ ಬನ್ನಿ ಅಂದಾಗ ಬಾರದೇ ಹೋದವರು. 'ಏನೂ ಇಲ್ಲ' ಅಂತ ಮನೆಗೆ ಕಳಿಸಿದ ಕೆಲವೇ ತಿಂಗಳಲ್ಲಿ ಕ್ಯಾನ್ಸರ್ ಕಾಣಿಸಿಕೊಂಡವರು. ಇಂಥ ವರದಿ ಓದುವುದೇ ನನ್ನ ಕೆಲಸ. ಯಾವ ವರದಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಈ ನಾಲ್ಕು ಗುಂಪುಗಳನ್ನು.

ಮೊದಲು ಆ ಐದು ವರ್ಷದ ಲೆಕ್ಕ ಬಿಡಿಸೋಣ. ಎಲ್ಲರೂ ಮೋಸ ಹೋಗುವುದು ಅಲ್ಲೇ.

ಒಬ್ಬ ಮಹಿಳೆಗೆ 62ನೇ ವಯಸ್ಸಿನಲ್ಲಿ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಚಿಕಿತ್ಸೆ ಆಯಿತು, 66ಕ್ಕೆ ತೀರಿಕೊಂಡರು. ಕಾಯಿಲೆ ಗೊತ್ತಾದ ಮೇಲೆ ಬದುಕಿದ್ದು 4 ವರ್ಷ. ಈಗ ಅದೇ ಮಹಿಳೆಗೆ ಅದೇ ಕಾಯಿಲೆ 60ಕ್ಕೇ ಮ್ಯಾಮೊಗ್ರಾಂನಲ್ಲಿ ಸಿಕ್ಕಿತು, ಆದರೂ 66ಕ್ಕೇ ತೀರಿಕೊಂಡರು ಅಂದುಕೊಳ್ಳಿ. ಈಗ ಬದುಕಿದ್ದು 6 ವರ್ಷ ಅಂತಾಯಿತು. ಐದು ವರ್ಷದ ಗೆರೆ ಎಳೆದರೆ ಮೊದಲನೆಯದು ಸೋಲು, ಎರಡನೆಯದು ಗೆಲುವು. ಆದರೆ ಆಕೆಗೆ ಒಂದು ದಿನದ ಆಯುಷ್ಯವೂ ಹೆಚ್ಚಾಗಿಲ್ಲ. ಕ್ಯಾನ್ಸರ್ ಇದೆ ಅಂತ ಗೊತ್ತಿದ್ದು ಕಳೆದ ದಿನಗಳು ಮಾತ್ರ ಎರಡು ವರ್ಷ ಜಾಸ್ತಿ ಆದವು. ಇದಕ್ಕೆ ಲೀಡ್ ಟೈಮ್ ಅನ್ನುತ್ತೇವೆ. ಗಡಿಯಾರವನ್ನು ಬೇಗ ಶುರು ಮಾಡಿದರೆ ಓಟ ಉದ್ದ ಕಾಣುತ್ತದೆ, ಅಷ್ಟೇ.

ಇದರ ಜೊತೆಗೆ ಇನ್ನೊಂದಿದೆ. ಕೆಲವು ಗಡ್ಡೆಗಳು ವರ್ಷಗಟ್ಟಲೆ ಸುಮ್ನೆ ಇರುತ್ತವೆ, ನಿಧಾನಕ್ಕೆ ಬೆಳೆಯುತ್ತವೆ. ಅವು ಎರಡು-ಮೂರು ಸುತ್ತಿನ ತಪಾಸಣೆಗೆ ಸಿಗಬಲ್ಲವು. ಇನ್ನು ಕೆಲವು ತಿಂಗಳುಗಳಲ್ಲೇ ದೊಡ್ಡದಾಗುತ್ತವೆ. ಅವು ಎರಡು ಸುತ್ತಿನ ನಡುವೆಯೇ ಹುಟ್ಟಿ, ಬೆಳೆದು, ಕೈಗೆ ಸಿಗುತ್ತವೆ. ಹಾಗಾಗಿ ತಪಾಸಣೆಯಲ್ಲಿ ಸಿಕ್ಕವರ ಪಟ್ಟಿಯಲ್ಲಿ ಸಾಧು ಸ್ವಭಾವದ ಕ್ಯಾನ್ಸರ್ ಜಾಸ್ತಿ, ಒರಟು ಕ್ಯಾನ್ಸರ್ ಕಡಿಮೆ. ಅವರು ಹೆಚ್ಚು ದಿನ ಬದುಕಿದರೆ ಅದು ಪೂರ್ತಿ ತಪಾಸಣೆಯ ಪುಣ್ಯ ಅನ್ನಲಾಗದು.

ನೀವು ಟೀಚರ್, ಇದನ್ನು ಆಗಲೇ ಗಮನಿಸಿರಬಹುದು: ಕಾರ್ಯಕ್ರಮಕ್ಕೆ ಆರೇ ವರ್ಷ. ಐದು ವರ್ಷ ತುಂಬಿಸಿದವರು ಅಂದರೆ ಮೊದಲ ವರ್ಷದಲ್ಲಿ ಸಿಕ್ಕವರು ಮಾತ್ರ. ಅದು ಮೊದಲ ಸುತ್ತು. ಮೊದಲ ಸುತ್ತಿನಲ್ಲಿ ಹಲವು ವರ್ಷಗಳಿಂದ ಒಳಗೇ ಕೂತಿದ್ದ ನಿಧಾನದ ಗಡ್ಡೆಗಳೆಲ್ಲ ಒಟ್ಟಿಗೆ ಸಿಗುತ್ತವೆ. ಅಂದರೆ ನಿಮ್ಮ ವರದಿಯ ಆ ಹೊಳೆಯುವ ಅಂಕಿ ನಿಂತಿರುವುದು ಅತ್ಯಂತ ಅನುಕೂಲದ ಒಂದು ಗುಂಪಿನ ಮೇಲೆ. ಅದನ್ನು ಪಕ್ಕಕ್ಕಿಡಿ.

ಹಾಗಾದರೆ ಏನು ನೋಡಬೇಕು? ನೀವು ಪೂರ್ತಿ ಅಂಕಿ ಕಳಿಸಿಲ್ಲ. ಹಾಗಾಗಿ ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಒಂದು ಕಾಲ್ಪನಿಕ ಪ್ರದೇಶ ಇಟ್ಟುಕೊಳ್ಳುತ್ತೇನೆ. ನಿಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿ ನೋಡಿ.

ಆ ಪ್ರದೇಶದಲ್ಲಿ 50ರಿಂದ 69 ವರ್ಷದ ಮಹಿಳೆಯರು 60,000. ಎರಡು ವರ್ಷದ ಒಂದು ಸುತ್ತಿನಲ್ಲಿ 54,000 ಜನರಿಗೆ ಕರೆ ಹೋಯಿತು. 30,000 ಜನ ಬಂದರು. ಇಲ್ಲಿ ಎರಡು ಭಾಗಾಕಾರ ಮಾಡಬಹುದು. ಕರೆ ಹೋದವರಲ್ಲಿ ಬಂದವರು ಸುಮಾರು ಶೇ. 56. ಆದರೆ ಇದ್ದವರಲ್ಲಿ ಬಂದವರು ಶೇ. 50. ವರದಿಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು ಇರುತ್ತದೆ, ಯಾಕೆಂದರೆ ಅದು ದೊಡ್ಡದು. ನೀವು ಎರಡನ್ನೂ ಕೇಳಿ. ಆ 6,000 ಜನರಿಗೆ ಕರೆ ಯಾಕೆ ಹೋಗಲಿಲ್ಲ ಅಂತಲೂ ಕೇಳಿ. ಪಟ್ಟಿ ಎಲ್ಲಿಂದ ಬಂತು, ಕೊನೆಯದಾಗಿ ತಿದ್ದಿದ್ದು ಯಾವಾಗ, ವಿಳಾಸ ಬದಲಾದವರು ಪಟ್ಟಿಯಿಂದ ಬಿದ್ದುಹೋಗುತ್ತಾರಾ? ಸ್ತನ ಕ್ಯಾನ್ಸರ್ ತಪಾಸಣೆಯ ಗುಣಮಟ್ಟ ಅಳೆಯಲು ಯುರೋಪಿನಲ್ಲಿ ಮಾಡಿದ ಮಾರ್ಗಸೂಚಿಯ 2006ರ ಆವೃತ್ತಿ, ಕರೆದವರಲ್ಲಿ ಕನಿಷ್ಠ ಶೇ. 70 ಜನ ಬರಬೇಕು, ಶೇ. 75 ದಾಟಿದರೆ ಒಳ್ಳೆಯದು ಅನ್ನುತ್ತದೆ. ಎಲ್ಲ ಕಡೆ ಅಷ್ಟು ಆಗುವುದಿಲ್ಲ, ಅದು ಬೇರೆ ಮಾತು. ಆದರೆ ಅರ್ಧ ಜನ ಬಾರದ ಕಾರ್ಯಕ್ರಮದಲ್ಲಿ ಮಷೀನು ಎಷ್ಟೇ ಚೆನ್ನಾಗಿದ್ದರೂ ಇಡೀ ಪ್ರದೇಶಕ್ಕೆ ಸಿಗುವ ಲಾಭ ಅರ್ಧದಲ್ಲೇ ನಿಲ್ಲುತ್ತದೆ.

ಈಗ ಮುಂದಿನ ಮೆಟ್ಟಿಲು. ಬಂದ 30,000 ಜನರಲ್ಲಿ 2,400 ಜನರ ಮ್ಯಾಮೊಗ್ರಾಂನಲ್ಲಿ ಏನೋ ಅನುಮಾನ. ಅವರನ್ನು ಮತ್ತೆ ಕರೆದರು. ಅಂದರೆ ಶೇ. 8. ಅದೇ ಮಾರ್ಗಸೂಚಿ ಪ್ರಕಾರ ಮೊದಲ ಸುತ್ತಿನಲ್ಲಿ ಇದು ಶೇ. 7ಕ್ಕಿಂತ ಕಡಿಮೆ ಇರಬೇಕು, ಮುಂದಿನ ಸುತ್ತುಗಳಲ್ಲಿ ಶೇ. 5ಕ್ಕಿಂತ ಕಡಿಮೆ. ನಮ್ಮ ಕಾಲ್ಪನಿಕ ಪ್ರದೇಶ ದಾಟಿಬಿಟ್ಟಿದೆ. ಇದು ಸಣ್ಣ ವಿಷಯ ಅಲ್ಲ. ಮತ್ತೆ ಬನ್ನಿ ಅಂತ ಫೋನ್ ಬಂದ ರಾತ್ರಿ ನಿದ್ದೆ ಮಾಡಿದ ಮಹಿಳೆಯನ್ನು ನಾನು ಇನ್ನೂ ನೋಡಿಲ್ಲ. ಕರೆಸಿಕೊಂಡ ಹೆಚ್ಚಿನವರಿಗೆ ಕೊನೆಗೆ ಏನೂ ಇರುವುದಿಲ್ಲ. ಅಷ್ಟು ಜನರಿಗೆ ಸುಮ್ಮಸುಮ್ಮನೆ ಆತಂಕ, ಇನ್ನಷ್ಟು ಫೋಟೊ, ಕೆಲವರಿಗೆ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ.

ಆದರೆ 'ಮರುಕರೆ ಕಡಿಮೆ ಮಾಡಿ' ಅಂತ ಬರೀ ಹೇಳುವುದೂ ತಪ್ಪೇ. ಯಾರನ್ನೂ ಕರೆಯದಿದ್ದರೆ ಮರುಕರೆ ಸೊನ್ನೆ ಆಗುತ್ತದೆ, ಕ್ಯಾನ್ಸರೂ ತಪ್ಪಿಹೋಗುತ್ತದೆ. ಹಾಗಾಗಿ ಮರುಕರೆಯ ಅಂಕಿಯನ್ನು ಒಂಟಿಯಾಗಿ ಓದಬಾರದು. ಪಕ್ಕದಲ್ಲಿ ಎಷ್ಟು ಸಿಕ್ಕಿತು, ಎಷ್ಟು ತಪ್ಪಿತು ಎರಡೂ ಇರಬೇಕು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನನಗೆ ಅತ್ಯಂತ ಕಳವಳ ಕೊಡುವ ಜಾಗ ಇದು. ಮತ್ತೆ ಕರೆದ 2,400 ಜನರಲ್ಲಿ ಬಂದವರು 2,000. ಅವರಲ್ಲಿ 150 ಜನರಿಗೆ ಕ್ಯಾನ್ಸರ್ ಅಂತ ಖಚಿತವಾಯಿತು. ವರದಿಯಲ್ಲಿ '150 ಕ್ಯಾನ್ಸರ್ ಪತ್ತೆ' ಅಂತ ದಪ್ಪ ಅಕ್ಷರದಲ್ಲಿ ಬರುತ್ತದೆ. ಉಳಿದ 400 ಜನ ಎಲ್ಲಿ? ಬಂದವರಲ್ಲಿ ನೂರಕ್ಕೆ ಏಳೂವರೆ ಜನರಿಗೆ ಕ್ಯಾನ್ಸರ್ ಇತ್ತು. ಬಾರದವರೂ ಅದೇ ರೀತಿ ಇದ್ದರೆ, ಆ 400ರಲ್ಲಿ ಸುಮಾರು 30 ಮಹಿಳೆಯರು ಎದೆಯಲ್ಲಿ ಕ್ಯಾನ್ಸರ್ ಇಟ್ಟುಕೊಂಡು ಓಡಾಡುತ್ತಿದ್ದಾರೆ. ಅವರ ಫೋಟೊ ತೆಗೆದಾಗಿದೆ. ಅನುಮಾನ ಕಂಡಾಗಿದೆ. ಕಂಪ್ಯೂಟರ್‌ನಲ್ಲಿ ಬರೆದಾಗಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದು ಇದೇ.

ಒಂದು ಕೇಂದ್ರದ ಪರಿಶೀಲನೆಗೆ ಹೋಗಿದ್ದಾಗ ಮರುಕರೆಯ ರಿಜಿಸ್ಟರ್ ತರಿಸಿಕೊಂಡೆ. ಉದ್ದನೆಯ ಪುಸ್ತಕ. ಕೊನೆಯ ಕಾಲಂ 'ಷರಾ'. ಅದರಲ್ಲಿ ಒಂದೇ ಕೈಬರಹದಲ್ಲಿ ಸಾಲಾಗಿ 'ಫೋನ್ ಎತ್ತಲಿಲ್ಲ', 'ಫೋನ್ ಎತ್ತಲಿಲ್ಲ', 'ಸ್ವಿಚ್ ಆಫ್'. ಒಂದೊಂದು ಹೆಸರಿನ ಮುಂದೆಯೂ ಒಂದೇ ತಾರೀಕು. ಅಂದರೆ ಒಂದು ಸಲ ಮಾತ್ರ ಫೋನ್ ಮಾಡಿದ್ದಾರೆ. ಫೋನ್ ಮಾಡುತ್ತಿದ್ದ ಹುಡುಗಿಯನ್ನು ಕೇಳಿದೆ. ಅವಳು ಒಳ್ಳೆಯವಳೇ, ಶ್ರದ್ಧೆಯಿಂದ ಕೆಲಸ ಮಾಡುವವಳೇ. 'ಎರಡನೇ ಸಲ ಮಾಡಬೇಕು ಅಂತ ನನಗೆ ಯಾರೂ ಹೇಳಲಿಲ್ಲ ಸರ್' ಅಂದಳು. ಅಲ್ಲೇ ಕೂತು ಇಬ್ಬರೂ ಹತ್ತು ನಂಬರಿಗೆ ಫೋನ್ ಮಾಡಿದೆವು. ನಾಲ್ಕು ಜನ ಎತ್ತಿದರು. ಒಬ್ಬರ ನಂಬರ್ ಮಗನದ್ದು, ಅವನು ಅಮ್ಮನಿಗೆ ಹೇಳಿರಲಿಲ್ಲ. ಇನ್ನೊಬ್ಬರು 'ಸರ್ಟಿಫಿಕೇಟ್ ಕೊಡೋಕೆ ಕರೆದಿದ್ದಾರೆ ಅಂದುಕೊಂಡೆ, ಆಮೇಲೆ ಹೋದರಾಯಿತು ಅಂತ ಬಿಟ್ಟೆ' ಅಂದರು. ಅವತ್ತಿನಿಂದ ನಾನು ಎಲ್ಲಿ ಹೋದರೂ ಮೊದಲು ಕೇಳುವುದು ಆ ರಿಜಿಸ್ಟರನ್ನೇ. ನೀವೂ ಕೇಳಿ.

ಇನ್ನು ಸಿಕ್ಕ 150. ಇದು ಜಾಸ್ತಿಯಾ, ಕಡಿಮೆಯಾ? 30,000ಕ್ಕೆ 150 ಅಂದರೆ ಸಾವಿರಕ್ಕೆ 5. ಇದನ್ನು ಅಳೆಯುವ ಮೊದಲು ಎರಡು ಪ್ರಶ್ನೆ ಕೇಳಬೇಕು. ತಪಾಸಣೆ ಇಲ್ಲದಿದ್ದರೆ ಈ ವಯಸ್ಸಿನಲ್ಲಿ ವರ್ಷಕ್ಕೆ ಸಾವಿರಕ್ಕೆ ಎಷ್ಟು ಕ್ಯಾನ್ಸರ್ ಬರುತ್ತಿತ್ತು (ಇದನ್ನು ಸಹಜ ದರ ಅನ್ನೋಣ)? ಬಂದವರಲ್ಲಿ ಮೊದಲ ಸಲ ಬಂದವರು ಎಷ್ಟು, ಹಿಂದಿನ ಸುತ್ತಿನಲ್ಲೂ ಬಂದಿದ್ದವರು ಎಷ್ಟು? ಯುರೋಪಿನ ಮಾರ್ಗಸೂಚಿಯ ಲೆಕ್ಕ ಹೀಗಿದೆ: ಮೊದಲ ಸುತ್ತಿನಲ್ಲಿ ಸಿಗುವುದು ಆ ಸಹಜ ದರದ ಕನಿಷ್ಠ ಮೂರು ಪಟ್ಟು ಇರಬೇಕು, ಮುಂದಿನ ಸುತ್ತುಗಳಲ್ಲಿ ಒಂದೂವರೆ ಪಟ್ಟು. ಸಹಜ ದರ ಸಾವಿರಕ್ಕೆ 2 ಇದ್ದರೆ ಮೊದಲ ಸುತ್ತಿನಲ್ಲಿ 6 ಸಿಗಬೇಕು, ಆಮೇಲೆ 3. ಅಲ್ಲಿ ಮೊದಲ ಸುತ್ತಿಗೆ 5 ಸಾಲದು, ಮೂರನೇ ಸುತ್ತಿಗೆ 5 ಧಾರಾಳ. ಸಹಜ ದರ ಸಾವಿರಕ್ಕೆ 1 ಇರುವ ಕಡೆ ಅದೇ 5ರ ಅರ್ಥ ಮತ್ತೆ ಬೇರೆ. ಒಂದೇ ಅಂಕಿ, ನಾಲ್ಕು ಅರ್ಥ. ನಿಮ್ಮ ವರದಿಯಲ್ಲಿ ಎಲ್ಲ ಸುತ್ತುಗಳನ್ನು ಕೂಡಿಸಿ ಒಂದೇ ಮೊತ್ತ ಕೊಟ್ಟಿದ್ದರೆ, ಬಿಡಿಸಿ ಕೊಡಿ ಅಂತ ಕೇಳಲೇಬೇಕು.

ಸಿಕ್ಕ ಗಡ್ಡೆಗಳ ಗಾತ್ರವನ್ನೂ ಕೇಳಿ. ಕೈಗೆ ಸಿಗುವಷ್ಟು ದೊಡ್ಡದನ್ನು ಮ್ಯಾಮೊಗ್ರಾಂನಲ್ಲಿ ಹಿಡಿದರೆ ಏನು ಬಂತು? ಸುತ್ತಲಿನ ಅಂಗಾಂಶಕ್ಕೆ ಹಬ್ಬಿದ ಕ್ಯಾನ್ಸರ್‌ಗಳಲ್ಲಿ 10 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕವು, ಎರಡನೇ ಸುತ್ತಿನಿಂದಾಚೆ, ಕಾಲು ಭಾಗವಾದರೂ ಇರಬೇಕು. ಕಂಕುಳಿನ ಗ್ರಂಥಿಗೆ ಹರಡಿರಲಿಲ್ಲವಾ ಅನ್ನುವುದೂ ಬೇಕು. ಹಾಲಿನ ನಾಳದೊಳಗೇ ಉಳಿದ, ಹೊರಗೆ ಹಬ್ಬದ ಬದಲಾವಣೆಗಳನ್ನೂ ಕೆಲವರು 'ಕ್ಯಾನ್ಸರ್ ಪತ್ತೆ' ಲೆಕ್ಕಕ್ಕೆ ಸೇರಿಸಿ ಬಿಡುತ್ತಾರೆ. ಅದು ತಪ್ಪಲ್ಲ, ಆದರೆ ಬೇರೆ ಸಾಲಿನಲ್ಲಿ ತೋರಿಸಬೇಕು.

ಈಗ ನಾಲ್ಕನೇ ಗುಂಪು. 'ನಿಮಗೆ ಏನೂ ಇಲ್ಲ' ಅಂತ ಪತ್ರ ಕೊಟ್ಟು ಕಳಿಸಿದ ಮೇಲೆ, ಮುಂದಿನ ಸುತ್ತು ಬರುವ ಮೊದಲೇ ಕ್ಯಾನ್ಸರ್ ಕಾಣಿಸಿಕೊಂಡವರು. ಇವಕ್ಕೆ ಇಂಟರ್ವಲ್ ಕ್ಯಾನ್ಸರ್ ಅನ್ನುತ್ತೇವೆ. ಎಷ್ಟೇ ಒಳ್ಳೆಯ ಕಾರ್ಯಕ್ರಮದಲ್ಲೂ ಇವು ಇರುತ್ತವೆ. ಬೇಗ ಬೆಳೆಯುವ ಗಡ್ಡೆಗಳು ಇದ್ದೇ ಇವೆ. ದಟ್ಟವಾದ ಸ್ತನದಲ್ಲಿ ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಗಡ್ಡೆ ಕಾಣುವುದೂ ಕಷ್ಟ. ಪ್ರಶ್ನೆ, ಎಷ್ಟಿವೆ ಅನ್ನುವುದು. ಸಹಜ ದರಕ್ಕೆ ಹೋಲಿಸಿದರೆ ಮೊದಲ ಹನ್ನೆರಡು ತಿಂಗಳಲ್ಲಿ ಶೇ. 30, ಮುಂದಿನ ಹನ್ನೆರಡು ತಿಂಗಳಲ್ಲಿ ಶೇ. 50 ದಾಟಬಾರದು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಸಹಜ ದರ ಸಾವಿರಕ್ಕೆ 2 ಇರುವ ಕಡೆ 30,000 ಜನರಲ್ಲಿ ವರ್ಷಕ್ಕೆ 60 ಕ್ಯಾನ್ಸರ್. ಮೊದಲ ವರ್ಷ 18, ಎರಡನೇ ವರ್ಷ 30, ಒಟ್ಟು 48ರವರೆಗೆ ಒಪ್ಪಬಹುದು. ಸಿಕ್ಕಿದ್ದು 150, ತಪ್ಪಿದ್ದು 48 ಆದರೆ ಕಾರ್ಯಕ್ರಮ ಹಿಡಿದದ್ದು ಸುಮಾರು ನಾಲ್ಕರಲ್ಲಿ ಮೂರು ಪಾಲು.

ನಿಮ್ಮ ವರದಿಯಲ್ಲಿ ಇಂಟರ್ವಲ್ ಕ್ಯಾನ್ಸರ್ ಅನ್ನುವ ಸಾಲೇ ಇಲ್ಲ ಅಂತ ಕಾಣುತ್ತದೆ. ಇದ್ದು, ಅಲ್ಲಿ ಸೊನ್ನೆ ಅಂತಲೋ ಬೆರಳೆಣಿಕೆಯಷ್ಟೋ ಬರೆದಿದ್ದರೆ ಅದು ಇನ್ನೂ ಅಪಾಯ. ಯಾಕೆಂದರೆ ಈ ಮಹಿಳೆಯರು ತಪಾಸಣೆ ಕೇಂದ್ರಕ್ಕೆ ವಾಪಸ್ ಬರುವುದಿಲ್ಲ. ಗಂಟು ಕಂಡರೆ ಹತ್ತಿರದ ಬೇರೆ ಆಸ್ಪತ್ರೆಗೆ ಹೋಗುತ್ತಾರೆ. ತಪಾಸಣೆ ಕೇಂದ್ರಕ್ಕೆ ವಿಷಯ ತಲುಪುವುದೇ ಇಲ್ಲ. ಅವರನ್ನು ಹುಡುಕಲು ಒಂದೇ ದಾರಿ: ತಪಾಸಣೆಗೆ ಬಂದವರ ಪಟ್ಟಿಯನ್ನು ಆ ಪ್ರದೇಶದಲ್ಲಿ ಕ್ಯಾನ್ಸರ್ ಬಂದವರನ್ನೆಲ್ಲ ದಾಖಲಿಸುವ ಕ್ಯಾನ್ಸರ್ ನೋಂದಣಿಯ ಪಟ್ಟಿಯ ಜೊತೆ, ಹೆಸರು, ಹುಟ್ಟಿದ ದಿನ ಇಟ್ಟುಕೊಂಡು, ತಾಳೆ ನೋಡುವುದು. ಬೇಸರದ ಕೆಲಸ. ಹೆಸರಿನ ಕಾಗುಣಿತ ಹೊಂದುವುದಿಲ್ಲ, ವಯಸ್ಸು ಹೊಂದುವುದಿಲ್ಲ. ಆದರೆ ಇದನ್ನು ಮಾಡದ ಕಾರ್ಯಕ್ರಮಕ್ಕೆ ತನ್ನ ತಪ್ಪು ತನಗೇ ಕಾಣುವುದಿಲ್ಲ. ಹುಡುಕದವರಿಗೆ ಸೊನ್ನೆ ಸಿಗುತ್ತದೆ, ಹುಡುಕಿದವರಿಗೆ 48 ಸಿಗುತ್ತದೆ, ನೋಡುವವರಿಗೆ ಸೊನ್ನೆಯವರೇ ಜಾಣರಾಗಿ ಕಾಣುತ್ತಾರೆ. ನಿಮ್ಮ ಸಮಿತಿ ಈ ತಪ್ಪು ಮಾಡಬಾರದು.

ತಾಳೆ ನೋಡಿದ ಮೇಲೆ ಇನ್ನೊಂದು ಕೆಲಸವಿದೆ. ಆ 48 ಜನರ ಹಳೆಯ ಮ್ಯಾಮೊಗ್ರಾಂ ತೆಗೆದು ಮತ್ತೆ ನೋಡಬೇಕು. ಇಲ್ಲಿ ಒಂದು ಎಚ್ಚರ. 'ಇವರಿಗೆ ಕ್ಯಾನ್ಸರ್ ಬಂತು' ಅಂತ ಮೊದಲೇ ಹೇಳಿದರೆ ಯಾರಿಗೆ ಬೇಕಾದರೂ ಚುಕ್ಕೆ ಕಾಣುತ್ತದೆ. ಹಾಗಾಗಿ ಆರೋಗ್ಯವಾಗಿರುವವರ ಫೋಟೊಗಳ ನಡುವೆ ಇವನ್ನು ಬೆರೆಸಿ, ಯಾವುದು ಯಾರದು ಅಂತ ಹೇಳದೆ ಓದಿಸಬೇಕು. ಕೆಲವದರಲ್ಲಿ ಆಗ ಏನೂ ಇರಲೇ ಇಲ್ಲ. ಕೆಲವದರಲ್ಲಿ ಮಸುಕಾಗಿ ಏನೋ ಇತ್ತು. ಕೆಲವದರಲ್ಲಿ ಸ್ಪಷ್ಟವಾಗಿ ಇತ್ತು, ತಪ್ಪಿಹೋಯಿತು. ಈ ಕೊನೆಯ ಗುಂಪು ಎಷ್ಟು ದೊಡ್ಡದು ಅನ್ನುವುದರಲ್ಲಿ ಓದುವವರ ಗುಣಮಟ್ಟ ತಿಳಿಯುತ್ತದೆ. ಬೈಯುವುದಕ್ಕೆ ಈ ಪರಿಶೀಲನೆ ಮಾಡಬಾರದು. ಬೈಗುಳ ಶುರುವಾದರೆ ಮುಂದಿನ ವರ್ಷ ಯಾರೂ ಫೋಟೊ ಹೊರಗೆ ತೆಗೆಯುವುದಿಲ್ಲ.

ಓದುವವರ ಬಗ್ಗೆ ಎರಡೇ ಪ್ರಶ್ನೆ ಸಾಕು. ಪ್ರತಿ ಫೋಟೊವನ್ನೂ ಇಬ್ಬರು ಬೇರೆ ಬೇರೆಯಾಗಿ ಓದುತ್ತಾರಾ? ಒಬ್ಬೊಬ್ಬರು ವರ್ಷಕ್ಕೆ ಎಷ್ಟು ಓದುತ್ತಾರೆ? ಬ್ರಿಟನ್ನಿನ ಕಾರ್ಯಕ್ರಮದಲ್ಲಿ ಕನಿಷ್ಠ 5,000 ಓದಲೇಬೇಕು ಅಂತ ನಿಯಮ ಇದೆ. ಸಾವಿರದಲ್ಲಿ ಐದೋ ಆರೋ ಕ್ಯಾನ್ಸರ್ ಇರುವ ರಾಶಿಯಲ್ಲಿ ಕಣ್ಣು ಪಳಗಬೇಕಾದರೆ ಅಷ್ಟು ನೋಡಲೇಬೇಕು.

ಫೋಟೊ ತೆಗೆಯುವವರನ್ನು ಎಲ್ಲರೂ ಮರೆಯುತ್ತಾರೆ. ನಾನು ಮರೆಯಲಾರೆ. ನೀವು ಕೇಂದ್ರಕ್ಕೆ ಹೋದಾಗ ಹೆಸರು ಮುಚ್ಚಿದ ಹತ್ತು ಮ್ಯಾಮೊಗ್ರಾಂ ತೋರಿಸಿ ಅಂತ ಕೇಳಿ. ಓರೆಯಾಗಿ ತೆಗೆದ ಫೋಟೊದಲ್ಲಿ ಮೇಲಿನ ಮೂಲೆಯಿಂದ ಬಿಳಿ ಪಟ್ಟಿ ಕೆಳಗಿಳಿಯುತ್ತದೆ. ಅದು ಎದೆಯ ಸ್ನಾಯು. ಅದು ಮೊಲೆತೊಟ್ಟಿನ ಮಟ್ಟದವರೆಗೆ ಇಳಿದಿರಬೇಕು. ತೊಟ್ಟು ಪಕ್ಕಕ್ಕೆ ಸ್ಪಷ್ಟವಾಗಿ ಚಾಚಿರಬೇಕು. ಕೆಳಗೆ ಸ್ತನ ಹೊಟ್ಟೆಯ ಚರ್ಮಕ್ಕೆ ಸೇರುವ ಮೂಲೆ ಮಡಚಿಕೊಳ್ಳದೆ ತೆರೆದು ಕಾಣಬೇಕು. ಸ್ನಾಯು ಅರ್ಧಕ್ಕೇ ನಿಂತಿದ್ದರೆ ಹಿಂಭಾಗದ ಒಂದಿಷ್ಟು ಅಂಗಾಂಶ ಫೋಟೊದೊಳಗೆ ಬಂದೇ ಇಲ್ಲ ಅಂತ ಅರ್ಥ. ಅಲ್ಲಿ ಗಡ್ಡೆ ಇದ್ದರೆ ಜಗತ್ತಿನ ಯಾವ ಡಾಕ್ಟರಿಗೂ ಕಾಣುವುದಿಲ್ಲ. ಇದನ್ನು ನೋಡಲು ಡಾಕ್ಟರ್ ಆಗಬೇಕಿಲ್ಲ, ಒಂದು ಗಂಟೆ ಯಾರಾದರೂ ತೋರಿಸಿಕೊಟ್ಟರೆ ನಿಮಗೂ ಕಾಣುತ್ತದೆ. ಫೋಟೊ ಸರಿ ಬರದೆ ಮತ್ತೆ ತೆಗೆದವು ನೂರಕ್ಕೆ 3ಕ್ಕಿಂತ ಕಡಿಮೆ ಇರಬೇಕು.

ಸಿಕ್ಕ ಮೇಲೆ ಏನಾಯಿತು? ತಪಾಸಣೆಯ ವರದಿಗಳು ಸಾಮಾನ್ಯವಾಗಿ 'ಪತ್ತೆ' ಅನ್ನುವಲ್ಲಿ ಮುಗಿದುಬಿಡುತ್ತವೆ. ಮಹಿಳೆಗೆ ಅದು ಶುರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶುರು ಮಾಡಿದ ಸ್ತನ ಕ್ಯಾನ್ಸರ್ ಯೋಜನೆಗೆ ಮೂರು ಗುರಿ ಇಟ್ಟಿದೆ: ಹಬ್ಬುವ ಕ್ಯಾನ್ಸರ್‌ಗಳಲ್ಲಿ ಶೇ. 60ಕ್ಕಿಂತ ಹೆಚ್ಚು ಮೊದಲ ಎರಡು ಹಂತದಲ್ಲೇ ಸಿಗಬೇಕು, ಮೊದಲ ಸಲ ಆಸ್ಪತ್ರೆಗೆ ಬಂದ 60 ದಿನದೊಳಗೆ ರೋಗ ಖಚಿತವಾಗಬೇಕು, ಕನಿಷ್ಠ ಶೇ. 80 ಜನ ಚಿಕಿತ್ಸೆ ಪೂರ್ತಿ ಮಾಡಬೇಕು. ಮೂರನೆಯದನ್ನು ಬಿಡದೆ ಕೇಳಿ. ಆ 150 ಜನರಲ್ಲಿ ಎಷ್ಟು ಜನ ಆಪರೇಷನ್, ಔಷಧಿ, ರೇಡಿಯೇಷನ್ ಏನೇನು ಬೇಕಿತ್ತೋ ಅಷ್ಟನ್ನೂ ಮುಗಿಸಿದರು? ಫೋಟೊ ತೆಗೆದ ದಿನದಿಂದ ಚಿಕಿತ್ಸೆ ಶುರುವಾದ ದಿನದವರೆಗೆ ಎಷ್ಟು ದಿನ ಆಯಿತು? ಸರಾಸರಿ ದಿನ ಕೊಟ್ಟರೆ ಸಾಲದು. ಅತಿ ತಡವಾದ ಹತ್ತು ಜನರ ಕಥೆ ಕೇಳಿ. ತೊಡಕು ಎಲ್ಲಿದೆ ಅಂತ ಸರಾಸರಿಗಿಂತ ಅವರೇ ಚೆನ್ನಾಗಿ ಹೇಳುತ್ತಾರೆ.

ನಿಮ್ಮ ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಇದೆಲ್ಲ ಇರಲಿ, ಸಾವು ಕಡಿಮೆ ಆಯಿತಾ? ನ್ಯಾಯವಾದ ಪ್ರಶ್ನೆ. ಕೊನೆಗೆ ಬೇಕಾದ್ದು ಅದೇ. ಆದರೆ ಆರು ವರ್ಷದಲ್ಲಿ ಉತ್ತರ ಸಿಗುವುದಿಲ್ಲ. ಕಾರ್ಯಕ್ರಮ ಶುರುವಾಗುವ ಮೊದಲೇ ರೋಗ ಪತ್ತೆಯಾಗಿದ್ದವರು ಇನ್ನೂ ಹಲವು ವರ್ಷ ಸಾಯುತ್ತಲೇ ಇರುತ್ತಾರೆ. ಅವರನ್ನೂ ಲೆಕ್ಕಕ್ಕೆ ಹಿಡಿದರೆ ಕಾರ್ಯಕ್ರಮಕ್ಕೆ ಅನ್ಯಾಯ. ಅದಕ್ಕೆ, ಕಾರ್ಯಕ್ರಮ ಶುರುವಾದ ಮೇಲೆ ರೋಗ ಗೊತ್ತಾದವರ ಸಾವನ್ನು ಮಾತ್ರ ಎಣಿಸುವ ಪದ್ಧತಿ ಇದೆ.

ಇನ್ನೊಂದು ಕಡೆಯಿಂದ, ಔಷಧಿಗಳೂ ಸುಧಾರಿಸುತ್ತಿವೆ. ಸಾವು ಕಡಿಮೆಯಾದರೆ ಅದರಲ್ಲಿ ತಪಾಸಣೆಯ ಪಾಲೆಷ್ಟು? ನಾರ್ವೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ 1996ರಲ್ಲಿ ನಾಲ್ಕು ಪ್ರಾಂತಗಳಲ್ಲಿ ತಪಾಸಣೆ ಶುರುವಾಗಿ, ಒಂದೊಂದಾಗಿ ದೇಶಕ್ಕೆಲ್ಲ ಹರಡಿತು. ಹಾಗಾಗಿ ತಪಾಸಣೆ ಇದ್ದ ಪ್ರಾಂತ, ಇನ್ನೂ ಬಾರದ ಪ್ರಾಂತ ಎರಡನ್ನೂ ಒಂದೇ ಕಾಲದಲ್ಲಿ ಹೋಲಿಸಲು ಆಯಿತು. 2010ರಲ್ಲಿ ಬಂದ ಅಧ್ಯಯನದ ಪ್ರಕಾರ ತಪಾಸಣೆ ಇದ್ದ ಕಡೆ ಸಾವು ಹಿಂದಿಗಿಂತ ಶೇ. 28 ಇಳಿದಿತ್ತು. ಇಲ್ಲದ ಕಡೆಯೂ ಶೇ. 18 ಇಳಿದಿತ್ತು. ಬರೀ ಮೊದಲ ಅಂಕಿ ನೋಡಿದ್ದರೆ 28ನ್ನೂ ತಪಾಸಣೆಯ ಲೆಕ್ಕಕ್ಕೇ ಬರೆದುಬಿಡುತ್ತಿದ್ದರು. ಅದರ ಪಾಲು ಸುಮಾರು 10.

ಡೆನ್ಮಾರ್ಕಿನದ್ದು ಇನ್ನೂ ಪಾಠ ಕಲಿಸುವ ಕಥೆ. ಕೋಪನ್‌ಹೇಗನ್‌ನಲ್ಲಿ 1991ರಿಂದ ತಪಾಸಣೆ ಇತ್ತು, ದೇಶದ ಹೆಚ್ಚಿನ ಭಾಗದಲ್ಲಿ ಬಹುಕಾಲ ಇರಲಿಲ್ಲ. 2005ರ ಒಂದು ಅಧ್ಯಯನ ಕೋಪನ್‌ಹೇಗನ್‌ನಲ್ಲಿ ಸಾವು ಶೇ. 25 ಕಡಿಮೆಯಾಯಿತು ಅಂದಿತು. 2010ರ ಇನ್ನೊಂದು ಅಧ್ಯಯನ, ತಪಾಸಣೆ ಇದ್ದ ಪ್ರದೇಶಗಳಲ್ಲಿ ಸಾವು ವರ್ಷಕ್ಕೆ ಶೇ. 1 ಇಳಿದರೆ ಇಲ್ಲದ ಕಡೆ ಶೇ. 2 ಇಳಿದಿದೆ ಅಂತ ತೋರಿಸಿತು. ಅದೇ ದೇಶ, ಅದೇ ಕಾರ್ಯಕ್ರಮ. ಎಣಿಸಿದ ರೀತಿ ಬೇರೆ: ಮೊದಲನೆಯವರು ಹಳೆಯ ರೋಗಿಗಳ ಸಾವನ್ನು ಹೊರಗಿಟ್ಟರು, ಎರಡನೆಯವರು ಎಲ್ಲ ಸಾವನ್ನೂ ತೆಗೆದುಕೊಂಡರು. ಹಾಗಾಗಿ ಯಾರಾದರೂ ಒಂದು ಶೇಕಡಾವಾರು ತಂದು ಮೇಜಿನ ಮೇಲಿಟ್ಟರೆ, ಯಾರ ಸಾವನ್ನು ಎಣಿಸಿದಿರಿ, ಯಾರಿಗೆ ಹೋಲಿಸಿದಿರಿ ಅಂತ ಕೇಳಿ. ತಪಾಸಣೆಗೆ ಬಂದವರನ್ನು ಬಾರದವರಿಗೆ ಹೋಲಿಸಿದ್ದರೆ ಅದನ್ನು ಒಪ್ಪಬೇಡಿ. ಬರುವವರು ಮೊದಲೇ ಆರೋಗ್ಯದ ಬಗ್ಗೆ ಕಾಳಜಿ ಇರುವವರು, ಬೇರೆ ಕಾಯಿಲೆಗಳಿಂದಲೂ ಕಡಿಮೆ ಸಾಯುವವರು.

ಸಾವಿನ ಲೆಕ್ಕ ಬರುವವರೆಗೆ ನಡುವಿನ ಸೂಚನೆ ಒಂದಿದೆ: ಮುಂದುವರಿದ ಹಂತದ ಕ್ಯಾನ್ಸರ್ ಕಡಿಮೆಯಾಗುತ್ತಿದೆಯಾ? ಇಲ್ಲೂ ಒಂದು ಗುಂಡಿ ಇದೆ. ಚಿಕ್ಕ ಗಡ್ಡೆಗಳು ಜಾಸ್ತಿ ಸಿಕ್ಕಿದರೆ ಮುಂದುವರಿದವುಗಳ ಶೇಕಡಾವಾರು ತಾನೇ ಇಳಿಯುತ್ತದೆ, ಒಂದೇ ಒಂದು ಮುಂದುವರಿದ ಕ್ಯಾನ್ಸರೂ ಕಡಿಮೆಯಾಗದಿದ್ದರೂ. ಅದಕ್ಕೇ ಪ್ರತಿ ಲಕ್ಷ ಮಹಿಳೆಯರಿಗೆ ಎಷ್ಟು ಅಂತ ಕೇಳಬೇಕು. ಹಂತ ಇಳಿದ ಮಾತ್ರಕ್ಕೆ ಸಾವು ಅಷ್ಟೇ ಇಳಿಯುತ್ತದೆ ಅಂತಲೂ ಇಲ್ಲ. ಮುಂಬೈನಲ್ಲಿ ಮ್ಯಾಮೊಗ್ರಾಂ ಇಲ್ಲದೆ, ತರಬೇತಿ ಪಡೆದ ಮಹಿಳೆಯರು ಕೈಯಿಂದ ಪರೀಕ್ಷೆ ಮಾಡುವ ದೊಡ್ಡ ಪ್ರಯೋಗ 1998ರಲ್ಲಿ ಶುರುವಾಯಿತು, 1,51,538 ಮಹಿಳೆಯರು ಅದರಲ್ಲಿದ್ದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಮೂರು ಮತ್ತು ನಾಲ್ಕನೇ ಹಂತದ ಪಾಲು ಶೇ. 47ರ ಬದಲು 37 ಇತ್ತು. ಒಟ್ಟಾರೆ ಸಾವು ಶೇ. 15 ಕಡಿಮೆ ಕಂಡಿತು, ಆದರೆ ಅದು ಬರೀ ಆಕಸ್ಮಿಕವಲ್ಲ ಅಂತ ಹೇಳುವಷ್ಟು ಗಟ್ಟಿ ಇರಲಿಲ್ಲ. 50 ದಾಟಿದವರಲ್ಲಿ ಮಾತ್ರ ಸುಮಾರು ಶೇ. 30 ಸ್ಪಷ್ಟವಾಗಿ ಇಳಿದಿತ್ತು. ಇಪ್ಪತ್ತು ವರ್ಷ ಕಾದು ಸಿಕ್ಕ ಉತ್ತರ ಇದು.

ಇನ್ನೊಂದು ಗುಂಪನ್ನೂ ವರದಿಗಳು ಹೇಳುವುದಿಲ್ಲ. ತಪಾಸಣೆ ಮಾಡಿಸಿಕೊಳ್ಳದಿದ್ದರೆ ಜೀವನಪೂರ್ತಿ ಗೊತ್ತೇ ಆಗದಿದ್ದ, ತೊಂದರೆಯೂ ಕೊಡದಿದ್ದ ಕ್ಯಾನ್ಸರ್ ಸಿಕ್ಕವರು. ಅವರಿಗೂ ಆಪರೇಷನ್ ಆಗುತ್ತದೆ, ರೇಡಿಯೇಷನ್ ಆಗುತ್ತದೆ. ಅವರು ಯಾರು ಅಂತ ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಅವರೇ 'ತಪಾಸಣೆಯಿಂದ ನಾನು ಉಳಿದೆ' ಅಂತ ನಂಬಿರುತ್ತಾರೆ. ಬ್ರಿಟನ್ನಿನ ಸ್ವತಂತ್ರ ಸಮಿತಿ 2012ರಲ್ಲಿ ಲೆಕ್ಕ ಹಾಕಿತು: 50ನೇ ವಯಸ್ಸಿನಿಂದ ಇಪ್ಪತ್ತು ವರ್ಷ 10,000 ಮಹಿಳೆಯರನ್ನು ತಪಾಸಣೆಗೆ ಕರೆದರೆ 43 ಸಾವು ತಪ್ಪುತ್ತವೆ, 129 ಜನರಿಗೆ ಈ ರೀತಿಯ ಬೇಡದ ಪತ್ತೆ ಆಗುತ್ತದೆ. ಹೀಗಿದ್ದೂ ತಪಾಸಣೆ ಮುಂದುವರಿಯಲಿ ಅಂತಲೇ ಆ ಸಮಿತಿ ಹೇಳಿತು, ನಾನೂ ಅದನ್ನು ಒಪ್ಪುತ್ತೇನೆ. ಆದರೆ ಕರೆಯೋಲೆಯಲ್ಲಿ ಎರಡೂ ಅಂಕಿ ಇರಬೇಕು. ಬರುವ ಮಹಿಳೆ ತಿಳಿದು ಬರಬೇಕು. ನಿಮ್ಮ ಕಾರ್ಯಕ್ರಮದ ಕರೆಯೋಲೆ ತರಿಸಿ ಓದಿ. ಬರೀ 'ಬೇಗ ಬನ್ನಿ, ಜೀವ ಉಳಿಸಿಕೊಳ್ಳಿ' ಅಂತ ಇದ್ದರೆ, ಅದನ್ನು ಬದಲಿಸುವುದು ಸಾರ್ವಜನಿಕರ ಪರವಾಗಿ ಕೂತಿರುವ ನಿಮ್ಮ ಮೊದಲ ಕೆಲಸ.

ಕೇಂದ್ರಗಳನ್ನು ಒಂದಕ್ಕೊಂದು ಹೋಲಿಸುವ ಪಟ್ಟಿ ಬಂದಾಗ ಆತುರಪಡಬೇಡಿ. ಸಾವಿರ ಮಹಿಳೆಯರನ್ನು ನೋಡಿದ ಸಣ್ಣ ಕೇಂದ್ರದಲ್ಲಿ 5 ಕ್ಯಾನ್ಸರ್ ಸಿಗಬೇಕು ಅಂತಿಟ್ಟುಕೊಳ್ಳಿ. ಎಲ್ಲ ಸರಿ ಇದ್ದರೂ, ಬರೀ ಆಕಸ್ಮಿಕವಾಗಿ, ಎಂಟರಲ್ಲಿ ಒಂದು ಸಲ 2 ಅಥವಾ ಅದಕ್ಕಿಂತ ಕಡಿಮೆ ಸಿಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಸಲ 8 ಅಥವಾ ಜಾಸ್ತಿ ಸಿಗುತ್ತದೆ. ಇಂಥ ಆಕಸ್ಮಿಕದ ಏರಿಳಿತ ಲೆಕ್ಕ ಹಾಕುವ ಪಾಯ್ಸಾನ್ ಸೂತ್ರ ಹಾಕಿ ನೀವೇ ನೋಡಬಹುದು. ಒಂದು ವರ್ಷದ ಅಂಕಿ ನೋಡಿ ಒಬ್ಬರಿಗೆ ಹಾರ, ಇನ್ನೊಬ್ಬರಿಗೆ ನೋಟಿಸ್ ಕೊಟ್ಟರೆ ಎರಡೂ ತಪ್ಪೇ. ಮೂರು-ನಾಲ್ಕು ವರ್ಷ ಕೂಡಿಸಿ ನೋಡಿ. ಬಾರದವರ ಲೆಕ್ಕ ಹಾಗಲ್ಲ. ಅದರಲ್ಲಿ ಸಂಖ್ಯೆಗಳು ದೊಡ್ಡವು, ಆಕಸ್ಮಿಕದ ಆಟ ಕಡಿಮೆ. ಅದನ್ನು ಪ್ರತಿ ಊರಿಗೆ, ಪ್ರತಿ ವಯಸ್ಸಿಗೆ, ಬಡವರು-ಅನುಕೂಲಸ್ಥರು ಅಂತ ಬಿಡಿಸಿ ಕೇಳಿ. ಒಟ್ಟು ಶೇ. 70 ಜನ ಬರುವ ಪ್ರದೇಶದೊಳಗೇ, ಶೇ. 30 ಜನ ಮಾತ್ರ ಬರುವ ಒಂದು ಮೂಲೆ ಅಡಗಿ ಕೂತಿರಬಹುದು.

ಇಷ್ಟನ್ನೂ ಒಂದೇ ಮೀಟಿಂಗ್‌ನಲ್ಲಿ ಕೇಳಲು ಆಗುವುದಿಲ್ಲ, ಗೊತ್ತು. ಮೊದಲ ಮೀಟಿಂಗ್‌ಗೆ ಮೂರು ಸಾಕು. ಇಡೀ ಪ್ರದೇಶದಲ್ಲಿ ಅರ್ಹರಾದ ಮಹಿಳೆಯರ ಸಂಖ್ಯೆ. ಕ್ಯಾನ್ಸರ್ ನೋಂದಣಿಯ ಜೊತೆ ತಾಳೆ ನೋಡಿದ ಇಂಟರ್ವಲ್ ಕ್ಯಾನ್ಸರ್‌ಗಳ ಲೆಕ್ಕ, ಇಲ್ಲದಿದ್ದರೆ ಅದನ್ನು ಯಾವಾಗ ಮಾಡುತ್ತೀರಿ ಅನ್ನುವ ತಾರೀಕು. ಮೂರನೆಯದು ಮೀಟಿಂಗ್ ತನಕ ಕಾಯಬಾರದು: ಮತ್ತೆ ಕರೆದರೂ ಬಾರದವರ ಪಟ್ಟಿ. ಅದರಲ್ಲಿ ಎಷ್ಟು ಹೆಸರಿವೆ, ಒಬ್ಬೊಬ್ಬರಿಗೆ ಎಷ್ಟು ಸಲ ಫೋನ್ ಮಾಡಿದ್ದಾರೆ, ಯಾರಾದರೂ ಮನೆಗೆ ಹೋಗಿ ಬಂದಿದ್ದಾರಾ ಅಂತ ಈ ವಾರವೇ ಪತ್ರ ಬರೆದು ಕೇಳಿ. ಆ ಹೆಸರುಗಳು ನಿಮಗೆ ಬೇಡ, ಅವರ ಗುಟ್ಟು ಅವರದ್ದು. ಆದರೆ ಸೋಮವಾರ ಬೆಳಗ್ಗೆ ಕೇಂದ್ರದಲ್ಲಿ ಒಬ್ಬರು ಆ ಪಟ್ಟಿ ಇಟ್ಟುಕೊಂಡು ಮೊದಲ ನಂಬರ್ ಒತ್ತಬೇಕು.